ಕಾಲು ಮುರಿದಿದೆ, ಕ್ರೂಸ್ ಬುಕ್ ಆಗಿದೆ: ಯಾವ ಹಡಗು, ಯಾವ ಕ್ಯಾಬಿನ್, ಯಾವ ಗಾಲಿ?

ಹಡಗಿನ ಕ್ಯಾಬಿನ್ ಬಾಗಿಲ ಮುಂದೆ ವೀಲ್‌ಚೇರ್‌ನಲ್ಲಿ ಕೂತಿದ್ದೆ. ನಮ್ಮವರು ಹಿಂದಿನಿಂದ ತಳ್ಳಿದರು. ಎರಡೂ ಗಾಲಿ ಠಕ್ ಅಂತ ಬಾಗಿಲ ಚೌಕಟ್ಟಿಗೆ ಬಡಿದು ನಿಂತವು. ಸ್ವಲ್ಪ ಓರೆ ಮಾಡಿ ಇನ್ನೊಮ್ಮೆ ತಳ್ಳಿದರು. ಒಳಗೆ ಹೋಗಲೇ ಇಲ್ಲ. ಬಾಗಿಲಿನ ಅಗಲ 23 ಇಂಚು. ಬೆಂಗಳೂರಿನಿಂದ ಬಾಡಿಗೆಗೆ ತಂದಿದ್ದ ನನ್ನ ವೀಲ್‌ಚೇರ್ 26 ಇಂಚು. ಬರೀ ಮೂರು ಇಂಚಿಗೆ ನಾನು ನನ್ನ ರೂಮಿನ ಹೊರಗೆ ಉಳಿದಿದ್ದೆ.

ಅದಕ್ಕೂ ಎಂಟು ವಾರ ಮೊದಲು, ಆಗಷ್ಟೇ ನೀರು ಹಾಕಿ ತೊಳೆದ ಮನೆ ಮುಂದಿನ ಗ್ರಾನೈಟ್ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದೆ. ಎಡಗಾಲಿನ ಗಿಣ್ಣಿನ ಹತ್ತಿರ ಎರಡು ಕಡೆ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಪ್ಲೇಟು ಸ್ಕ್ರೂ ಹಾಕಿದರು. ಆರು ವಾರ ಆ ಕಾಲು ನೆಲಕ್ಕೆ ಊರಲೇಬಾರದು ಎಂದರು. ಅಪ್ಪ ಅಮ್ಮನ ಮದುವೆಯ ಐವತ್ತನೇ ವರ್ಷಕ್ಕೆಂದು ಸಿಂಗಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ಅಷ್ಟರಲ್ಲಾಗಲೇ ಬುಕ್ ಆಗಿತ್ತು. ತಂಗಿಯ ಸಂಸಾರವೂ ಸೇರಿ ಒಂಬತ್ತು ಜನ. ನನ್ನಿಂದ ಎಲ್ಲರದ್ದೂ ಹಾಳಾಗುತ್ತಲ್ಲ ಎಂಬ ಸಂಕಟ ಎಷ್ಟಿತ್ತೆಂದರೆ, ಸರಿಯಾಗಿ ಏನೂ ವಿಚಾರಿಸದೆ "ಬರ್ತೀನಿ" ಎಂದುಬಿಟ್ಟೆ.

ಹೋದದ್ದಕ್ಕೆ ಇವತ್ತಿಗೂ ಖುಷಿಯಿದೆ. ವಿಚಾರಿಸದೆ ಹೋದದ್ದಕ್ಕೆ ಬೇಜಾರಿದೆ. ಆಮೇಲಿನ ಎರಡು ವರ್ಷದಲ್ಲಿ ನೆಂಟರು, ಸ್ನೇಹಿತರು ಇದೇ ಸ್ಥಿತಿಯಲ್ಲಿ ನನಗೆ ಫೋನ್ ಮಾಡಿದಾಗೆಲ್ಲ ಕುಳಿತು ಹೋಲಿಸಿ ಹೇಳಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಲು ಪೆಟ್ಟಾದವರು ಹಡಗಿನ ಈಜುಕೊಳ, ಶೋ, ಊಟದ ಫೋಟೋ ನೋಡಿ ಕ್ರೂಸ್ ಆರಿಸಬಾರದು. ಹೊಸ್ತಿಲು ನೋಡಿ ಆರಿಸಬೇಕು. ಹಡಗಿಗೆ ಹತ್ತುವ ಸೇತುವೆಯದ್ದು, ಕ್ಯಾಬಿನ್ನಿನದ್ದು, ಬಚ್ಚಲಿನದ್ದು, ಊರು ನೋಡಲು ಇಳಿಯುವ ದೋಣಿಯದ್ದು. ಈ ನಾಲ್ಕು ದಾಟಲು ಆಗುತ್ತದೆ ಎಂದಾದರೆ, ಮುರಿದ ಕಾಲಿಗೆ ಕ್ರೂಸ್‌ಗಿಂತ ಒಳ್ಳೆಯ ಪ್ರವಾಸ ಇನ್ನೊಂದಿಲ್ಲ. ದಿನಾ ಹೋಟೆಲ್ ಬದಲಿಸುವುದಿಲ್ಲ, ಬಸ್ಸು ಹತ್ತಿ ಇಳಿಯುವುದಿಲ್ಲ, ಕಾಲು ಮೇಲಿಟ್ಟು ಕೂತರೂ ಊರುಗಳೇ ನಮ್ಮ ಹತ್ತಿರ ಬರುತ್ತವೆ.

ಹೋಗುವುದಾ, ಮುಂದಕ್ಕೆ ಹಾಕುವುದಾ

ಇದನ್ನು ತೀರ್ಮಾನಿಸುವವರು ನಿಮ್ಮ ಮೂಳೆ ಡಾಕ್ಟರ್. ಆದರೆ ಅವರನ್ನು "ಪ್ರಯಾಣ ಮಾಡಬಹುದಾ ಡಾಕ್ಟ್ರೇ" ಎಂದು ಸುಮ್ನೆ ಕೇಳಿದರೆ "ಹುಷಾರಾಗಿ ಹೋಗಿ ಬನ್ನಿ" ಎನ್ನುತ್ತಾರೆ. ಬಿಡಿಸಿ ಕೇಳಬೇಕು. ಆ ತಾರೀಖಿಗೆ ನಾನು ಕಾಲು ಊರಬಹುದಾ? ಊರಿದರೆ ಎಷ್ಟು ಹೆಜ್ಜೆ? ಅಲುಗಾಡುವ ನೆಲದ ಮೇಲೆ ಹಠಾತ್ತಾಗಿ ಪೂರ್ತಿ ಭಾರ ಬಿದ್ದರೆ ಏನಾಗುತ್ತದೆ? ವಿಮಾನದಲ್ಲಿ ಕೂರುವುದರಿಂದ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ನನಗೆ ಎಷ್ಟಿದೆ, ಅದಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ಬೇಕಾ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಕಾಲಿನ ಮೂಳೆ ಮುರಿದವರಿಗೆ, ಆಪರೇಷನ್ ಆದವರಿಗೆ ಆ ಅಪಾಯ ಜಾಸ್ತಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು.

ನನ್ನ ಲೆಕ್ಕ ಇಷ್ಟು. ಒಂದು ಹೆಜ್ಜೆಯನ್ನೂ ಊರುವಂತಿಲ್ಲ ಎನ್ನುವ ಹಂತದಲ್ಲಿದ್ದರೆ ತಾರೀಖು ಬದಲಿಸಿ, ದುಡ್ಡು ಸ್ವಲ್ಪ ಹೋದರೂ ಹೋಗಲಿ. ಹೋಗಲೇಬೇಕಾದ ಕಾರಣವಿದ್ದರೆ ವೀಲ್‌ಚೇರ್‌ಗೆಂದೇ ಮಾಡಿದ ಕ್ಯಾಬಿನ್ ಸಿಕ್ಕರೆ, ಗಟ್ಟಿಮುಟ್ಟಾದ ಒಬ್ಬರು ಜೊತೆಗಿದ್ದರೆ ಮಾತ್ರ ಹೊರಡಿ. ಮುರಿದ ಕಾಲಿಗೆ ಆಧಾರವಾಗಿ ಕಟ್ಟುವ ಬೂಟು ಹಾಕಿ, ವಾಕರ್ ಹಿಡಿದು ಹತ್ತು ಹದಿನೈದು ಹೆಜ್ಜೆ ಇಡಬಹುದು ಎನ್ನುವ ಹಂತಕ್ಕೆ ಬಂದಿದ್ದರೆ ಧೈರ್ಯವಾಗಿ ಹೋಗಿ. ಆ ಹತ್ತು ಹೆಜ್ಜೆಯೇ ದೊಡ್ಡ ವ್ಯತ್ಯಾಸ. ಕ್ಯಾಬಿನ್ ಬಾಗಿಲಿನಿಂದ ಮಂಚಕ್ಕೆ, ಮಂಚದಿಂದ ಬಚ್ಚಲಿಗೆ ಅಷ್ಟೇ ದೂರ ಇರುವುದು.

ಯಾವ ಕಡೆಯ ಕ್ರೂಸ್?

ಬೆಂಗಳೂರಿನಿಂದ ಹೊರಡುವವರಿಗೆ ಸಾಮಾನ್ಯವಾಗಿ ಎರಡು ದಾರಿ ಕಣ್ಣಿಗೆ ಬೀಳುತ್ತವೆ. ಮುಂಬೈನಿಂದ ಕಾರ್ಡೇಲಿಯಾ ಕಂಪನಿಯ ಕ್ರೂಸ್, ಇಲ್ಲವೇ ಸಿಂಗಪುರ.

ಮುಂಬೈ ದಾರಿಯಲ್ಲಿ ವೀಸಾ ತಲೆನೋವಿಲ್ಲ, ವಿಮಾನ ಎರಡು ಗಂಟೆಯೊಳಗೆ, ಊಟ ತಿಂಡಿ ನಮ್ಮದೇ. ಆದರೆ ಕಾರ್ಡೇಲಿಯಾದ ಎಂಪ್ರೆಸ್ ಹಡಗು ಕಟ್ಟಿದ್ದು 1990ರಲ್ಲಿ. ಆ ಕಾಲದ ಹಡಗುಗಳಲ್ಲಿ ಸಾದಾ ಕ್ಯಾಬಿನ್ ಚಿಕ್ಕದು, ಬಚ್ಚಲು ಇನ್ನೂ ಚಿಕ್ಕದು. ಅಲ್ಲೂ ಗೋವಾ ಪ್ರವಾಸ ಮತ್ತು ಲಕ್ಷದ್ವೀಪ ಪ್ರವಾಸ ಒಂದೇ ಅಲ್ಲ. ಗೋವಾದ ಮುರ್ಮುಗಾವ್ ಬಂದರಿನಲ್ಲಿ ಹಡಗು ಧಕ್ಕೆಗೇ, ಅಂದರೆ ದಡದ ಕಟ್ಟೆಗೇ, ತಾಗಿ ನಿಲ್ಲುತ್ತದೆ. ಲಕ್ಷದ್ವೀಪದಲ್ಲಿ ಹಡಗು ಆಳದ ನೀರಿನಲ್ಲಿ ನಿಂತು, ಜನ ಚಿಕ್ಕ ದೋಣಿಗೆ ಇಳಿಯಬೇಕು. ಕೊಚ್ಚಿಯಿಂದ ಹೊರಡುವ ಸರ್ಕಾರಿ ಹಡಗು ಎಂವಿ ಕವರತ್ತಿಯಲ್ಲಿ ಹೋದವರಿಗೂ ಆ ದೋಣಿಯ ಅನುಭವ ಗೊತ್ತಿರುತ್ತದೆ. ನೀಲಿ ನೀರು ಎಷ್ಟೇ ಕರೆದರೂ ಈ ಕಾಲಿನಲ್ಲಿ ಲಕ್ಷದ್ವೀಪ ಬೇಡ. ಕಾಲು ಪೂರ್ತಿ ವಾಸಿಯಾದ ಮೇಲೆ ಹೋಗಿ. ಮಳೆಗಾಲದ ಅರಬ್ಬಿ ಸಮುದ್ರವಂತೂ ಬೇಡವೇ ಬೇಡ.

ಸಿಂಗಪುರಕ್ಕೆ ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ. ಖರ್ಚು ಜಾಸ್ತಿ. ಆದರೆ ಚಾಂಗಿ ವಿಮಾನ ನಿಲ್ದಾಣದಿಂದ ಮರೀನಾ ಬೇ ಕ್ರೂಸ್ ಸೆಂಟರ್‌ವರೆಗೆ ಒಂದೇ ಒಂದು ಮೆಟ್ಟಿಲು ಹತ್ತಿದ ನೆನಪು ನನಗಿಲ್ಲ. ಎಲ್ಲ ಕಡೆ ಇಳಿಜಾರು, ಲಿಫ್ಟು, ನಯವಾದ ನೆಲ. ಹಡಗುಗಳು ದೊಡ್ಡವು, ಹೊಸವು, ಓಲಾಟ ಕಡಿಮೆ. ಮಲಕ್ಕಾ ಜಲಸಂಧಿ ಎರಡೂ ಕಡೆ ನೆಲ ಇರುವ ನೀರು, ಬಹುತೇಕ ಶಾಂತ. ದಾರಿಯಲ್ಲಿ ಸಿಗುವ ಮಲೇಷ್ಯಾದ ಪೆನಾಂಗ್, ಪೋರ್ಟ್ ಕ್ಲಾಂಗ್ ಎರಡೂ ಕಡೆ ಹಡಗು ಧಕ್ಕೆಗೆ ನಿಲ್ಲುತ್ತದೆ. ಥಾಯ್ಲೆಂಡಿನ ಫುಕೆಟ್ ಹಾಗಲ್ಲ, ಅದರ ಕಥೆ ಮುಂದೆ ಹೇಳುತ್ತೇನೆ. ಈ ಎರಡರಲ್ಲಿ ನನ್ನ ಮತ ಸಿಂಗಪುರಕ್ಕೆ. ದುಡ್ಡು ಕೈ ಕಟ್ಟಿದರೆ ಮುಂಬೈ–ಗೋವಾ, ಮಳೆಗಾಲ ಬಿಟ್ಟು.

ಅಮೆರಿಕದಲ್ಲಿರುವ ಕನ್ನಡಿಗರು, ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರು ಕೇಳುವುದು ಬೇರೆ ಪ್ರಶ್ನೆ. ಕೆರಿಬಿಯನ್ನಾ, ಅಲಾಸ್ಕಾನಾ? ಕಾಲು ಸರಿಯಿದ್ದರೆ ಯಾವುದಾದರೂ ಸರಿ. ಪೆಟ್ಟಾದ ಕಾಲಿಗೆ ಅಲಾಸ್ಕಾ ಒಂದು ಕೈ ಮೇಲು ಎನ್ನುತ್ತೇನೆ. ಕೆರಿಬಿಯನ್‌ನ ಮಜಾ ಇರುವುದು ಮರಳಿನಲ್ಲಿ, ನೀರಿನಲ್ಲಿ. ಎರಡೂ ಪ್ಲಾಸ್ಟರ್‌ಗೆ, ಊರುಗೋಲಿಗೆ ಶತ್ರು. ಅಲಾಸ್ಕಾದಲ್ಲಿ ಮುಖ್ಯವಾಗಿ ನೋಡಬೇಕಾದ್ದು ಹಡಗಿನಿಂದಲೇ ಕಾಣುತ್ತದೆ. ಹಿಮನದಿಗಳಿರುವ ಗ್ಲೇಸಿಯರ್ ಬೇ ಕೊಲ್ಲಿಗೆ ಹೋದ ದಿನ ಹಡಗಿನಲ್ಲಿದ್ದ ಯಾರೂ ನೆಲಕ್ಕೆ ಇಳಿಯುವುದಿಲ್ಲ. ಕಾಲು ಸರಿ ಇರುವವರು, ಇಲ್ಲದವರು ಎಲ್ಲರೂ ಒಂದೇ ಕಟಕಟೆ ಹಿಡಿದು ಮಂಜಿನ ಗೋಡೆ ಕುಸಿಯುವುದನ್ನು ನೋಡುತ್ತಾರೆ. ಸ್ಕ್ಯಾಗ್‌ವೇ ಎಂಬ ಊರಿನಲ್ಲಿ 1898ರಿಂದ 1900ರ ನಡುವೆ ಕಟ್ಟಿದ ವೈಟ್ ಪಾಸ್ ರೈಲಿದೆ. ಅದಕ್ಕೆ ವೀಲ್‌ಚೇರ್ ಎತ್ತುವ ಲಿಫ್ಟ್ ಇರುವ ಬೋಗಿಗಳಿವೆ, ಮೊದಲೇ ಹೇಳಿ ಕಾದಿರಿಸಬೇಕು. ಒಂದು ಎಚ್ಚರ: ಅಲ್ಲಿ ಭರತ ಇಳಿತದ ವ್ಯತ್ಯಾಸ ತುಂಬಾ ಜಾಸ್ತಿ, ಕೆಲವು ದಿನ ಇಪ್ಪತ್ತು ಅಡಿಯವರೆಗೂ ಹೋಗುತ್ತದೆ. ಬೆಳಿಗ್ಗೆ ಸಪಾಟಾಗಿದ್ದ ಇಳಿಯುವ ಸೇತುವೆ ಮಧ್ಯಾಹ್ನ ಕಡಿದಾಗಿ ನಿಂತಿರಬಹುದು. ಯಾವ ಹೊತ್ತಿಗೆ ಇಳಿಜಾರು ಕಡಿಮೆ ಎಂದು ಹಡಗಿನವರನ್ನೇ ಕೇಳಿದರೆ ಹೇಳುತ್ತಾರೆ. ಇನ್ನೊಂದು: ಸಿಯಾಟಲ್‌ನಿಂದ ಹೊರಟರೂ ಹಡಗು ಕೆನಡಾದ ಬಂದರಿನಲ್ಲಿ ನಿಲ್ಲುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಮೊದಲೇ ಮಾಡಿಸಿ.

ಕೆರಿಬಿಯನ್ನೇ ಬೇಕು ಎಂದರೆ ಬಂದರುಗಳ ಪಟ್ಟಿ ನೋಡಿ ಆರಿಸಿ. ಕೊಝುಮೆಲ್, ನಸ್ಸೌ, ಕೋಕೋಕೇ ಇವೆಲ್ಲ ಧಕ್ಕೆ ಇರುವ ಜಾಗಗಳು. ಗ್ರ್ಯಾಂಡ್ ಕೇಮನ್ ಮತ್ತು ಬೆಲೀಜ್ ಸಿಟಿಯಲ್ಲಿ ದೋಣಿಗೆ ಇಳಿಯಬೇಕು. ಅಮೆರಿಕದ ಬಂದರಿನಿಂದ ಹೊರಡುವುದರಲ್ಲಿ ಒಂದು ಅನುಕೂಲವಿದೆ. ಅಂಗವಿಕಲರ ಹಕ್ಕಿನ ಅಲ್ಲಿನ ಕಾನೂನು ಬೇರೆ ದೇಶದ ಬಾವುಟ ಹಾರಿಸುವ ಹಡಗುಗಳಿಗೂ ಅನ್ವಯಿಸುತ್ತದೆ ಎಂದು ಅವರ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಹಾಗಾಗಿ ಫೋನ್ ಮಾಡಿ ಕೇಳುವಾಗ ಸಂಕೋಚ ಬೇಡ.

ಯುರೋಪಿನ ಮೆಡಿಟರೇನಿಯನ್ ಕ್ರೂಸ್ ಈಗ ಬೇಡ ಎಂದೇ ಹೇಳುತ್ತೇನೆ. ರೋಮ್ ನೋಡಲು ಚಿವಿತಾವೆಕ್ಕಿಯಾ ಬಂದರಿನಿಂದ 80 ಕಿಲೋಮೀಟರ್ ಹೋಗಬೇಕು. ಸ್ಯಾಂಟೋರಿನಿಯಲ್ಲಿ ಮೊದಲು ದೋಣಿ, ಆಮೇಲೆ ಕೇಬಲ್ ಕಾರಿನ ಕ್ಯೂ. ಊರೊಳಗೆ ಎಲ್ಲೆಲ್ಲೂ ಕಲ್ಲು ಹಾಸಿದ ಬೀದಿ. ರೈನ್, ಡ್ಯಾನ್ಯೂಬ್ ನದಿಯ ಕ್ರೂಸ್‌ನಲ್ಲಿ ಓಲಾಟವೇ ಇರುವುದಿಲ್ಲವಲ್ಲ ಎನ್ನುತ್ತಾರೆ. ನಿಜ. ಆದರೆ ಆ ಹಡಗುಗಳಲ್ಲಿ ಲಿಫ್ಟ್ ಎಲ್ಲ ಮಹಡಿಗೂ ಹೋಗದಿರುವುದು ಸಾಮಾನ್ಯ. ಜಾಗ ಸಾಲದೆ ಹಡಗಿನ ಪಕ್ಕ ಹಡಗು ಕಟ್ಟಿ ನಿಲ್ಲಿಸುತ್ತಾರೆ, ಇನ್ನೊಂದು ಹಡಗಿನ ಒಳಗೆ ಹಾದು ದಡ ಸೇರಬೇಕು. ಹೊಸ್ತಿಲು ಎರಡರಷ್ಟಾಯಿತು, ಅಲ್ವಾ?

ಧಕ್ಕೆಯಾ, ದೋಣಿಯಾ

ಈ ಒಂದು ವಿಷಯ ಯಾವ ಏಜೆಂಟೂ ತಾನಾಗಿ ಹೇಳುವುದಿಲ್ಲ. ನಮ್ಮ ಏಜೆಂಟ್ ಕೂಡ ಹೇಳಲಿಲ್ಲ. ಬಂದರಿನಲ್ಲಿ ಧಕ್ಕೆ ಇಲ್ಲದಿದ್ದರೆ ಅಥವಾ ಹಡಗಿಗೆ ಅದು ಸಾಲದಿದ್ದರೆ, ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ದಡಕ್ಕೆ ಚಿಕ್ಕ ದೋಣಿ. ಇದಕ್ಕೆ ಟೆಂಡರ್ ಎನ್ನುತ್ತಾರೆ. ಪ್ರವಾಸದ ಪಟ್ಟಿಯಲ್ಲಿ ಬಂದರಿನ ಹೆಸರಿನ ಪಕ್ಕ ಆ ಪದ ಇದೆಯಾ ನೋಡಿ. ಇಲ್ಲದಿದ್ದರೆ ಫೋನ್ ಮಾಡಿ ಕೇಳಿ.

ಫುಕೆಟ್‌ನಲ್ಲಿ ಪಟೋಂಗ್ ತೀರದ ಎದುರು ನಮ್ಮ ಹಡಗು ನಿಂತಿತು. ಕೆಳಗಿನ ಡೆಕ್‌ನಲ್ಲಿ ಹಡಗಿನ ಪಕ್ಕದ ಬಾಗಿಲು ತೆಗೆದು ಒಂದು ಹಲಗೆ ಹಾಕಿದ್ದರು. ಅದರಾಚೆ ದೋಣಿ. ಒಂದು ಸಲ ದೋಣಿ ಹಲಗೆಗಿಂತ ಒಂದಡಿ ಮೇಲೆ, ಮರುಗಳಿಗೆ ಒಂದಡಿ ಕೆಳಗೆ. ಸಿಬ್ಬಂದಿಯ ಹುಡುಗನೊಬ್ಬ ನೀರನ್ನೇ ನೋಡುತ್ತಾ, ಎರಡೂ ಸಮಕ್ಕೆ ಬಂದಾಗ "ಈಗ" ಎಂದು ಒಬ್ಬೊಬ್ಬರನ್ನೇ ದಾಟಿಸುತ್ತಿದ್ದ. ಇಬ್ಬರು ಮೊಣಕೈ ಹಿಡಿಯುತ್ತಾರೆ, ಎತ್ತುವುದಿಲ್ಲ. ಆ ಒಂದು ಹೆಜ್ಜೆ ನಾವೇ ಇಡಬೇಕು. ನನ್ನ ಮುಂದೆ ಇದ್ದ ಅಜ್ಜಿಯೊಬ್ಬರು ಗಟ್ಟಿಯಾಗಿ ದಾಟಿದರು. ನಾನು ಆ ಹಲಗೆಯನ್ನೂ ನನ್ನ ಬೂಟನ್ನೂ ನೋಡಿಕೊಂಡೆ. ಹಿಂದೆ ತಿರುಗಿಸಿ ಎಂದೆ.

ಅಪ್ಪ ನನ್ನ ಜೊತೆ ಉಳಿದರು. ಬೇಡ ಹೋಗಿ ಎಂದರೂ ಕೇಳಲಿಲ್ಲ. ಎಲ್ಲರೂ ಇಳಿದು ಹೋದ ಮೇಲೆ ಹಡಗು ಖಾಲಿ. ಲಿಫ್ಟ್ ಒತ್ತಿದ ಕೂಡಲೇ ಬರುತ್ತದೆ, ಊಟಕ್ಕೆ ಕ್ಯೂ ಇಲ್ಲ, ನೆರಳಿರುವ ಕುರ್ಚಿ ಬೇಕಾದಷ್ಟು. ಇಬ್ಬರೂ ಮೇಲಿನ ಡೆಕ್‌ನಲ್ಲಿ ಕೂತೆವು. ನನ್ನ ಕಾಲ ಕೆಳಗೆ ಅಪ್ಪ ಎರಡು ದಿಂಬು ತಂದಿಟ್ಟರು. ತಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಸನದಲ್ಲಿ ಒಂಟಿ ರೂಮು ಮಾಡಿಕೊಂಡಿದ್ದ ಕಥೆ ಹೇಳಿದರು. ಐವತ್ತು ವರ್ಷದಲ್ಲಿ ಅದನ್ನು ನನಗೆ ಹೇಳಿರಲಿಲ್ಲ. ದೋಣಿ ಇರುವ ಬಂದರು ಒಂದೇ ಒಂದಿದ್ದರೆ ಪ್ರವಾಸವನ್ನೇ ಬಿಡಬೇಕಿಲ್ಲ. ಆ ದಿನವನ್ನು ಹಡಗಿನಲ್ಲೇ ಕಳೆಯುವ ದಿನ ಎಂದು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡರೆ ಆಯಿತು. ಎರಡು ಮೂರು ಇದ್ದರೆ ಬೇರೆ ಪ್ರವಾಸ ನೋಡಿ.

ಧಕ್ಕೆ ಇದ್ದ ಮಾತ್ರಕ್ಕೆ ಊರು ಸಲೀಸು ಎಂದಲ್ಲ. ಪೆನಾಂಗ್‌ನಲ್ಲಿ ಹಡಗು ಜಾರ್ಜ್‌ಟೌನ್‌ನ ಸ್ವೆಟನ್‌ಹ್ಯಾಮ್ ಧಕ್ಕೆಗೇ ಬರುತ್ತದೆ, ಹಳೇ ಪೇಟೆ ಅಲ್ಲೇ ಹತ್ತಿರ. ಆದರೆ ಅಲ್ಲಿ ಅಂಗಡಿಗಳ ಮುಂದಿನ ಕಾಲುದಾರಿ ಒಂದೊಂದು ಅಂಗಡಿಗೆ ಒಂದೊಂದು ಎತ್ತರ. ವೀಲ್‌ಚೇರ್ ಬೀದಿಗಿಳಿದು ವಾಹನಗಳ ಪಕ್ಕದಲ್ಲೇ ಹೋಗಬೇಕಾಗುತ್ತದೆ. ನಾವು ಟ್ಯಾಕ್ಸಿ ಮಾಡಿಕೊಂಡು ಲಿಟಲ್ ಇಂಡಿಯಾಗೆ ಹೋಗಿ, ದೋಸೆ ತಿಂದು, ಎರಡು ಗಂಟೆಯಲ್ಲಿ ವಾಪಸ್ ಬಂದೆವು. ಅಷ್ಟು ಸಾಕಿತ್ತು.

ಕ್ಯಾಬಿನ್: ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ

ಸಾದಾ ಕ್ಯಾಬಿನ್ನಿನ ಬಾಗಿಲು ಬಹಳಷ್ಟು ಹಡಗುಗಳಲ್ಲಿ 22–23 ಇಂಚು. ವೀಲ್‌ಚೇರ್‌ಗೆಂದು ಮಾಡಿದ ಕ್ಯಾಬಿನ್ನಿನದ್ದು ಸುಮಾರು 32 ಇಂಚು. ಬಾಗಿಲೊಂದೇ ಅಲ್ಲ. ಸಾದಾ ಕ್ಯಾಬಿನ್ನಿನ ಬಚ್ಚಲಿಗೆ ನಾಲ್ಕೈದು ಬೆರಳು ಎತ್ತರದ ಹೊಸ್ತಿಲು ಇರುತ್ತದೆ, ನೀರು ಹೊರಗೆ ಬರಬಾರದು ಎಂದು. ಬೂಟು ಹಾಕಿದ ಕಾಲನ್ನು ಅದರ ಮೇಲೆ ಎತ್ತಿ ಇಡಬೇಕು, ಅದೂ ಹಡಗು ಅಲುಗುವಾಗ, ರಾತ್ರಿ ನಿದ್ದೆಗಣ್ಣಿನಲ್ಲಿ. ಒಳಗೆ ಸ್ನಾನದ ಜಾಗ ಒಬ್ಬರು ನಿಂತರೆ ತುಂಬುವಷ್ಟು. ಕುಳಿತು ಸ್ನಾನ ಮಾಡಲು ಸ್ಟೂಲ್ ಹಿಡಿಸುವುದಿಲ್ಲ. ನಾನು ನಾಲ್ಕು ದಿನ ಮಂಚದ ತುದಿಯಲ್ಲಿ ಕೂತು ಟವೆಲ್ ಒದ್ದೆ ಮಾಡಿ ಮೈ ಒರೆಸಿಕೊಂಡೆ.

ವೀಲ್‌ಚೇರ್ ಕ್ಯಾಬಿನ್ನಿನಲ್ಲಿ ಬಚ್ಚಲಿಗೆ ಹೊಸ್ತಿಲೇ ಇರುವುದಿಲ್ಲ. ಗೋಡೆಗೆ ಹಿಡಿಕೆ, ಮಡಚಿಡುವ ಸ್ನಾನದ ಕುರ್ಚಿ, ಗಾಲಿ ತಿರುಗಿಸಲು ಐದಡಿ ಜಾಗ. ಇಂಥ ಕ್ಯಾಬಿನ್ ಒಂದು ಹಡಗಿನಲ್ಲಿ ಕೆಲವೇ ಇರುತ್ತವೆ. ಪೆಟ್ಟು ತಾತ್ಕಾಲಿಕವಾದರೂ ಕೇಳಬಹುದು. ಫಾರಂ ತುಂಬಿಸಿಕೊಳ್ಳುತ್ತಾರೆ. ಕಾಲಿಗೆ ಪೆಟ್ಟು ಬಿದ್ದ ಮಾರನೇ ವಾರವೇ ಫೋನ್ ಮಾಡಿ, ಸಾದಾ ಕ್ಯಾಬಿನ್ ಬದಲಿಗೆ ಕೊಡುತ್ತೀರಾ ಎಂದು ಕೇಳಿ. ಆದರೆ ಹದಿನೈದು ಹೆಜ್ಜೆ ಆರಾಮಾಗಿ ಹಾಕುವಷ್ಟು ವಾಸಿಯಾಗಿದ್ದರೆ ದಯವಿಟ್ಟು ಅದನ್ನು ಬಿಟ್ಟುಕೊಡಿ. ಜೀವನಪೂರ್ತಿ ಗಾಲಿಯ ಮೇಲೇ ಇರುವವರಿಗೆ ಆ ಹಡಗಿನಲ್ಲಿ ಬೇರೆ ರೂಮೇ ಇಲ್ಲ.

ಬಾಲ್ಕನಿ ಇರುವುದಾ, ಕಿಟಕಿಯೂ ಇಲ್ಲದ ಒಳಗಿನ ಕ್ಯಾಬಿನ್ನಾ? ಕಾಲು ಸರಿ ಇದ್ದರೆ ಒಳಗಿನದ್ದೇ ಸಾಕು, ಮಲಗಲು ಮಾತ್ರ ಬರುತ್ತೇವೆ ಎನ್ನುತ್ತಿದ್ದೆ. ಈಗ ಮಾತು ಬೇರೆ. ಸಂಜೆ ಹೊತ್ತಿಗೆ ಕಾಲು ಬಾತುಕೊಳ್ಳುತ್ತದೆ, ಎರಡು ಮೂರು ಗಂಟೆ ಎತ್ತರದಲ್ಲಿಟ್ಟು ಮಲಗಲೇಬೇಕು. ಆ ಹೊತ್ತಿನಲ್ಲಿ ಎದುರಿಗೆ ಸಮುದ್ರ ಇರುವುದಕ್ಕೂ ಗೋಡೆ ಇರುವುದಕ್ಕೂ ಅಜಗಜಾಂತರ. ದಡದ ಟೂರುಗಳಿಗೆ ಇಟ್ಟ ದುಡ್ಡನ್ನು ತೆಗೆದು ಬಾಲ್ಕನಿಗೆ ಹಾಕಿ.

ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಡಗಿನ ಉದ್ದದಲ್ಲಿ ನಡುವೆ, ಎತ್ತರದಲ್ಲಿ ಕೆಳಗೆ, ಲಿಫ್ಟಿಗೆ ಹತ್ತಿರ. ಓಲಾಟ ಅಲ್ಲಿ ಕಡಿಮೆ, ನಡೆಯುವುದೂ ಕಡಿಮೆ.

ಊರುಗೋಲು, ವಾಕರ್, ವೀಲ್‌ಚೇರ್, ಸ್ಕೂಟರ್

ಮನೆಯಲ್ಲಿ ಚೆನ್ನಾಗಿದ್ದದ್ದು ಹಡಗಿನಲ್ಲಿ ಚೆನ್ನಾಗಿರುತ್ತದೆ ಎಂದುಕೊಳ್ಳಬೇಡಿ. ಊರುಗೋಲು ಹಗುರ, ಎಲ್ಲ ಬಾಗಿಲಲ್ಲೂ ನುಗ್ಗುತ್ತದೆ. ಆದರೆ ಹಡಗು ಅಲುಗಿದಾಗ ಎರಡು ಕೋಲಿನ ಮೇಲೆ ನಿಂತವರು ಮೊದಲು ಬೀಳುತ್ತಾರೆ. ಈಜುಕೊಳದ ಸುತ್ತ ಒದ್ದೆ ನೆಲದಲ್ಲಿ ಅದರ ರಬ್ಬರ್ ತುದಿ ಜಾರುತ್ತದೆ. ಎರಡೂ ಕೈ ಕೋಲಿನಲ್ಲಿದ್ದರೆ ತಟ್ಟೆ ಹಿಡಿಯುವವರು ಯಾರು? ಅದಕ್ಕೇ ಬಫೆ ಬಿಟ್ಟು, ಮೇಜಿಗೆ ತಂದು ಬಡಿಸುವ ಊಟದ ಹಾಲ್‌ಗೆ ಹೋಗಿ. ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ, ಎಷ್ಟೋ ಜನಕ್ಕೆ ಇದು ಗೊತ್ತಿರುವುದಿಲ್ಲ.

ವಾಕರ್ ನಿಧಾನ, ಆದರೆ ಗಟ್ಟಿ. ಕ್ಯಾಬಿನ್ನಿನ ಒಳಗೆ ನನಗೆ ಜೀವ ಉಳಿಸಿದ್ದು ಅದೇ. ಉದ್ದನೆಯ ಕಾರಿಡಾರಿಗೆ ಆಗುವುದಿಲ್ಲ. ಮೊಣಕಾಲು ಊರಿ ಇನ್ನೊಂದು ಕಾಲಲ್ಲಿ ತಳ್ಳುವ ಸ್ಕೂಟರ್ ಈಗ ಬಾಡಿಗೆಗೆ ಸಿಗುತ್ತದೆ. ಗಿಣ್ಣು, ಪಾದಕ್ಕೆ ಪೆಟ್ಟಾದ ಚಿಕ್ಕ ವಯಸ್ಸಿನವರಿಗೆ ಚೆನ್ನ. ಬ್ರೇಕ್ ಗಟ್ಟಿ ಇರಬೇಕು, ಸಮುದ್ರ ಒರಟಾದ ದಿನ ಮುಟ್ಟಬಾರದು.

ವೀಲ್‌ಚೇರ್‌ನಲ್ಲಿ ಎರಡು ಜಾತಿ. ದೊಡ್ಡ ಹಿಂಗಾಲಿಯದ್ದು, ಕೂತವರೇ ಕೈಯಿಂದ ಉರುಳಿಸುವಂಥದ್ದು, ಅಗಲ 25–26 ಇಂಚು ಬರುತ್ತದೆ. ನಾಲ್ಕೂ ಗಾಲಿ ಚಿಕ್ಕದಿರುವ, ಹಿಂದಿನಿಂದ ಇನ್ನೊಬ್ಬರು ತಳ್ಳುವಂಥದ್ದು 22 ಇಂಚಿನೊಳಗೂ ಸಿಗುತ್ತದೆ. ಹಡಗಿಗೆ ಎರಡನೆಯದು ತನ್ನಿ. ಕೊಳ್ಳುವ ಮೊದಲು ಟೇಪ್ ಹಿಡಿದು ಗಾಲಿಯ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ಸೀಟಿನ ಅಗಲ ಹೇಳಿ ಮಾರುತ್ತಾರೆ, ನಾನು ಮೋಸ ಹೋಗಿದ್ದು ಅಲ್ಲೇ. ಹಡಗಿನಲ್ಲಿ ಇರುವ ವೀಲ್‌ಚೇರ್‌ಗಳನ್ನು ಹತ್ತುವಾಗ, ಇಳಿಯುವಾಗ, ತುರ್ತಿಗೆ ಮಾತ್ರ ಕೊಡುತ್ತಾರೆ. ಇಡೀ ಪ್ರವಾಸಕ್ಕೆ ನಿಮ್ಮದೇ ಇರಬೇಕು. ಕಾರಿಡಾರಿನಲ್ಲಿ ಬಿಡುವಂತಿಲ್ಲ, ಬೆಂಕಿ ಬಿದ್ದರೆ ಜನ ಓಡುವ ದಾರಿ ಅದು. ಮಡಚಿ ಕ್ಯಾಬಿನ್ ಒಳಗೇ ಇಡಬೇಕು. ಕಾರ್ಪೆಟ್ ಮೇಲೆ ತಳ್ಳುವುದು ಎಷ್ಟು ಭಾರ ಎಂದು ನಮ್ಮವರನ್ನು ಕೇಳಬೇಕು, ಮೂರನೇ ದಿನಕ್ಕೆ ಅವರ ಭುಜ ಹಿಡಿದುಕೊಂಡಿತ್ತು.

ಬ್ಯಾಟರಿ ಸ್ಕೂಟರ್ ಆ ಭಾರ ತಪ್ಪಿಸುತ್ತದೆ. ಅಮೆರಿಕದ ಬಂದರುಗಳಲ್ಲಿ ಬಾಡಿಗೆಗೆ ಹಡಗಿಗೇ ತಂದುಕೊಡುವ ಕಂಪನಿಗಳಿವೆ. ಆದರೆ ಅದೂ ಕ್ಯಾಬಿನ್ನಿನ ಬಾಗಿಲಲ್ಲಿ ನುಗ್ಗಬೇಕು, ದೋಣಿಗೆ ಸಾಮಾನ್ಯವಾಗಿ ಹತ್ತಿಸುವುದಿಲ್ಲ. ನಿಮ್ಮದನ್ನೇ ವಿಮಾನದಲ್ಲಿ ಒಯ್ಯುವುದಾದರೆ ಲಿಥಿಯಂ ಬ್ಯಾಟರಿಯ ಮಿತಿ ನೋಡಿ: ಬಿಚ್ಚಿ ತೆಗೆಯುವ ಬ್ಯಾಟರಿ ಒಂದಾದರೆ 300 ವ್ಯಾಟ್ ಅವರ್, ಎರಡಾದರೆ ತಲಾ 160.

ನನ್ನ ಆಯ್ಕೆ: ಹೊರಗೆ ಕಿರಿದಾದ ತಳ್ಳುವ ವೀಲ್‌ಚೇರ್, ಒಳಗೆ ಮಡಚುವ ವಾಕರ್. ಆವತ್ತು ಬಾಗಿಲಲ್ಲಿ ಸಿಕ್ಕಿಕೊಂಡಾಗ ತಂಗಿ ಮಾಡಿದ್ದೂ ಅದನ್ನೇ. ವಾಕರ್ ತಂದು ಒಳಗೆ ಅಡ್ಡಕ್ಕೆ ನಿಲ್ಲಿಸಿದಳು. ನಾನು ಚೌಕಟ್ಟು ಹಿಡಿದು ಎದ್ದು, ವಾಕರ್ ಹಿಡಿದು, ನಾಲ್ಕು ಹೆಜ್ಜೆಯಲ್ಲಿ ಮಂಚಕ್ಕೆ ಬಿದ್ದೆ. ಅವಳು ಹಿಂದೆ ವೀಲ್‌ಚೇರ್ ಮಡಚಿ ಒಳಗೆ ತಂದಳು. ಮಡಚಿದರೆ ಅದು ಒಂದಡಿ ಅಗಲವೂ ಇಲ್ಲ!

ಹತ್ತುವ ಮೊದಲು, ಹತ್ತಿದ ಮೇಲೆ

ವಿಮಾನದ ವೀಲ್‌ಚೇರ್ ಸಹಾಯವನ್ನು 48 ಗಂಟೆ ಮೊದಲೇ ಕೇಳಿ. ಪ್ಲಾಸ್ಟರ್ ಹೊಸದಾಗಿದ್ದರೆ, ಆಪರೇಷನ್ ಈಚೆಗೆ ಆಗಿದ್ದರೆ ಡಾಕ್ಟರ್ ತುಂಬಿದ ಫಾರಂ ಕೇಳಬಹುದು. ಹೊಸ ಪ್ಲಾಸ್ಟರ್ ಒಳಗೆ ಕಾಲು ಬಾತುಕೊಳ್ಳುವ ಕಾರಣ, ಹಾಕಿಸಿ 48 ಗಂಟೆ ಆಗುವ ಮೊದಲು ದೂರದ ವಿಮಾನ ಬೇಡ. ಊರುಗೋಲು ಇರುವವರಿಗೆ ತುರ್ತು ಬಾಗಿಲ ಪಕ್ಕದ ಸೀಟು ಕೊಡುವುದಿಲ್ಲ. ಸಾಲಿನ ಅಂಚಿನ ಸೀಟನ್ನು ಕಾಲು ನೋಡಿ ಆರಿಸಿ. ಮೂರು ಮೂರು ಸೀಟಿನ ವಿಮಾನದಲ್ಲಿ ಎಡಗಾಲಿನವರಿಗೆ ಡಿ, ಬಲಗಾಲಿನವರಿಗೆ ಸಿ. ದಾರಿಯ ಕಡೆ ಆ ಕಾಲನ್ನು ಆಗಾಗ ಸ್ವಲ್ಪ ನೀಡಬಹುದು. ತಿಂಡಿಯ ಗಾಡಿ ಬಂದಾಗ ಮಾತ್ರ ಎಳೆದುಕೊಳ್ಳಿ.

ಪ್ರಯಾಣ ವಿಮೆ ತೆಗೆದುಕೊಳ್ಳುವಾಗ ಪೆಟ್ಟಿನ ವಿಷಯ ಮುಚ್ಚಿಡಬೇಡಿ. ಮೊದಲೇ ಇದ್ದ ತೊಂದರೆ ಎಂದು ಆ ಕಾಲಿನ ಖರ್ಚನ್ನು ಅವರು ಬಿಟ್ಟುಬಿಡಬಹುದು. ಬರೆದಿರುವುದನ್ನು ಓದಿ. ಹಡಗಿನ ಆಸ್ಪತ್ರೆ ಚಿಕ್ಕದು, ಬಿಲ್ ದೊಡ್ಡದು, ಮೊದಲು ನಾವೇ ಕಟ್ಟಿ ಆಮೇಲೆ ವಿಮೆಯವರನ್ನು ಕೇಳಬೇಕು. ಡಿಸ್ಚಾರ್ಜ್ ಸಮ್ಮರಿ, ಕೊನೆಯ ಎಕ್ಸ್‌ರೇಯ ಫೋಟೋ ಫೋನಿನಲ್ಲಿ ಇರಲಿ.

ಹಡಗಿಗೆ ತುಂಬಾ ಬೇಗ ಹತ್ತಬೇಡಿ. ಕ್ಯಾಬಿನ್ ಸಿದ್ಧವಾಗುವುದು ಮಧ್ಯಾಹ್ನದ ಮೇಲೆ. ಅಲ್ಲಿಯವರೆಗೆ ಕಾಲು ಎತ್ತಿಟ್ಟು ಮಲಗಲು ಜಾಗ ಹುಡುಕುತ್ತಾ ತಿರುಗಬೇಕಾಗುತ್ತದೆ. ಹಡಗು ಹೊರಡುವ ಮೊದಲು ತುರ್ತು ಸ್ಥಿತಿಯ ತರಬೇತಿ ಇರುತ್ತದೆ. ಆಗ ಸಿಬ್ಬಂದಿಗೆ ಬಾಯಿಬಿಟ್ಟು ಹೇಳಿ: ನನಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ, ನನ್ನ ಕ್ಯಾಬಿನ್ ಇಂಥದ್ದು. ನಿಜವಾದ ತುರ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. ನಿಮ್ಮನ್ನು ಇಳಿಸಲು ಯಾರು ಬರುತ್ತಾರೆ ಎಂದು ಅವರ ಪಟ್ಟಿಯಲ್ಲಿ ಬರೆದಿರಬೇಕು. ನಾನು ನಾಚಿಕೊಂಡು ಮೊದಲ ದಿನ ಹೇಳಲಿಲ್ಲ. ಎರಡನೇ ದಿನ ಅಮ್ಮ ಹೋಗಿ ಹೇಳಿ ಬಂದರು.

ದುಡ್ಡು ಕಟ್ಟುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಾಲ್‌ನಲ್ಲಿ ಎರಡು ಭಾರದ ಕುರ್ಚಿಯನ್ನು 22 ಇಂಚು ಅಂತರದಲ್ಲಿ ಬೆನ್ನು ಒಳಕ್ಕೆ ಮಾಡಿ ಇಡಿ. ಅದರಾಚೆ ನಾಲ್ಕು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಒಂದು ಇಟ್ಟಿಗೆಯನ್ನು ಅಡ್ಡಕ್ಕೆ ಮಲಗಿಸಿ. ಅದು ಬಚ್ಚಲಿನ ಹೊಸ್ತಿಲು. ಜೊತೆಗೆ ಬರುವವರು ಪಕ್ಕದಲ್ಲೇ ನಿಂತಿರಲಿ. ವೀಲ್‌ಚೇರ್‌ನಿಂದ ಎದ್ದು, ವಾಕರ್ ಹಿಡಿದು, ಕುರ್ಚಿಗಳ ನಡುವೆ ಹಾದು, ಇಟ್ಟಿಗೆ ದಾಟಿ, ವಾಪಸ್ ಬನ್ನಿ. ಬೆಳಿಗ್ಗೆ ಒಮ್ಮೆ, ಕಾಲು ಬಾತುಕೊಂಡಿರುವ ಸಂಜೆ ಒಮ್ಮೆ, ರಾತ್ರಿ ದೀಪ ಸಣ್ಣದು ಮಾಡಿ ಒಮ್ಮೆ. ಮೂರು ಸಲವೂ ಯಾರ ಕೈಯನ್ನೂ ಹಿಡಿಯದೆ ಆದರೆ ಸಾದಾ ಕ್ಯಾಬಿನ್ ಬುಕ್ ಮಾಡಿ. ಹಿಡಿಯಬೇಕಾಗಿ ಬಂದರೆ 32 ಇಂಚಿನ ಬಾಗಿಲು ಕೇಳಿ. ಅದು ಖಾಲಿ ಇಲ್ಲ ಎಂದರೆ ಮುಂದಿನ ತಿಂಗಳ ಹಡಗು ನೋಡಿ.